ಕೈ ಕೊಟ್ಟವರು

"ಲೇ ಬಕೆಟ್ಟು! ಕ್ಯಾಮೆರಾದಲ್ಲಿ ನಿನ್ ಮೂತಿ ಏನಾದ್ರೂ ಕಾಣಿಸ್ತೋ, ಇವತ್ತೇ ಗಂಟುಮೂಟೆ ಕಟ್ಟಿಸ್ತೀನಿ. ಉಚ್ಚೆ ಬಳಿಯೋಳು ಬಾಗಿಲ ಹಿಂದೆ ಇರ್ಬೇಕು, ತಿಳೀತಾ?"

ಸಫಾಯಿ ಮೇಸ್ತ್ರಿ ಇಷ್ಟು ಹೇಳಿ, ಅವಳು ಆಗಷ್ಟೇ ಒರೆಸಿದ್ದ ನೆಲದ ಮೇಲೆ ಬೂಟುಗಾಲಲ್ಲಿ ನಡೆದುಹೋದ. ಮಂಡಿಯೂರಿ ಕೂತಿದ್ದವಳು ಹಲ್ಲು ಕಚ್ಚಿಕೊಂಡು ಆ ಹೆಜ್ಜೆಗಳನ್ನು ಮತ್ತೆ ಒರೆಸಿದಳು. ಕಾಳಗದಲ್ಲಿ ಗಾಯಗೊಂಡ ಕಮಾಂಡೊಗಳನ್ನು ಮತ್ತೆ ಬದುಕಿಗೆ ಹೊಂದಿಸುವ ಆ ಕೇಂದ್ರದಲ್ಲಿ ಅವಳಿಗೆ ಎರಡು ಹೆಸರು. ಮೇಸ್ತ್ರಿಯಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಬಕೆಟ್ಟು. ಹಾಸಿಗೆ ಹಿಡಿದವರಿಗೆ ಮಾತ್ರ ಅಕ್ಕ.

ಬೆಳಗಿನಿಂದ ವಾರ್ಡಿಗೆ ವಾರ್ಡೇ ಬುಡಮೇಲಾಗಿತ್ತು. ಕಟ್ಟಡ ಕಟ್ಟಿಸಿಕೊಟ್ಟ ಧಣಿ ಬರುವವನಿದ್ದ. ಹೊಸ ಚಾದರ, ಹೊಸ ಪರದೆ, ಗೋಡೆಯಲ್ಲಿ ಧಣಿಯ ಆಳೆತ್ತರದ ಚಿತ್ರ. ಅವಳ ಕೈ ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಒರೆಸಿದ್ದನ್ನೇ ಒರೆಸುತ್ತಿದ್ದಳು. ಧಣಿ ಅನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತಿದ್ದಳು.

ಇದೇ ಕಟ್ಟಡದ ಗೋಡೆಗೆ ಗಾರೆ ಮಾಡುತ್ತಿದ್ದಾಗ ಸಾರುವೆಯ ಹಗ್ಗ ಕಿತ್ತು ಅವಳ ಗಂಡ ಬಿದ್ದಿದ್ದ. ಬೆನ್ನು ಮುರಿದುಕೊಂಡು ಅವನು ಮನೆಯ ಮೂಲೆ ಸೇರಿದ. ಅದಕ್ಕೆ ಪರಿಹಾರ ಅಂತ ಅವಳಿಗೆ ಸಿಕ್ಕಿದ್ದು ಈ ಬಕೆಟ್ಟು. ಬಾಯಿ ಬಿಟ್ಟರೆ ಇದೂ ಇಲ್ಲ ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿದ್ದ.

ಬಂದ ಹೊಸದರಲ್ಲಿ ಈ ಸೈನಿಕರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. "ಬಾಂಬಿಗೆ ಸಿಕ್ಕಿದ್ರೆ ವೀರ, ಸಾರುವೆಯಿಂದ ಬಿದ್ರೆ ದಂಡಪಿಂಡ" ಎಂದು ಮನೆಗೆ ಹೋಗಿ ಗಂಡನ ಮುಂದೆ ಕೂಗಾಡುತ್ತಿದ್ದಳು.

"ಅವ್ರೇನ್ ಮಾಡ್ತಾರೆ ಬಿಡೇ. ಅವ್ರೂ ಕೂಲಿಯೋರ ಮಕ್ಳೇ" ಎನ್ನುತ್ತಿದ್ದ ಅವನು, ಮಲಗಿದಲ್ಲಿಂದಲೇ ಸೂರು ನೋಡುತ್ತಾ.

ಆ ಮಾತು ನಿಜವೆಂದು ಅವಳಿಗೆ ಗೊತ್ತಾಗಿದ್ದು ಗೂಬೆಯಿಂದ. ಅವನು ಕಲ್ಲು ಒಡೆಯುವವರ ಮಗ. ಕತ್ತಲಲ್ಲಿ ಅವನಷ್ಟು ಚುರುಕಾಗಿ ನೋಡಬಲ್ಲವರು ಪಡೆಯಲ್ಲಿ ಬೇರೆ ಇರಲಿಲ್ಲವೆಂದು ಜೊತೆಗಾರರು ಇಟ್ಟ ಹೆಸರು ಅದು. ಹೂತಿಟ್ಟ ಬಾಂಬೊಂದು ಅವನ ಎರಡೂ ಮುಂಗೈಗಳನ್ನು ಕಿತ್ತುಕೊಂಡಿತ್ತು. ಮೊದಮೊದಲು ತುತ್ತಿಡಲು ಬಂದವರ ಮುಖಕ್ಕೇ ಉಗಿಯುತ್ತಿದ್ದ. ವ್ಯಾಯಾಮ ಮಾಡಿಸುವ ಮೇಡಂ ಬಂದು ಅವನ ಮೊಂಡುಗೈಗೆ ಚರ್ಮದ ಪಟ್ಟಿ ಬಿಗಿದು, ಅದಕ್ಕೊಂದು ಚಮಚ ಸಿಕ್ಕಿಸಿ ಕೊಟ್ಟರು. ಊಟದ ಹೊತ್ತಿಗೆ ಪಕ್ಕದಲ್ಲಿ ನಿಂತು, ಚೆಲ್ಲಿದ್ದನ್ನು ಬಳಿಯುವ ಕೆಲಸ ಅಕ್ಕನದು.

"ಥೂ, ಬೋಳಿಮಗಂದು ಚಮಚ!" ಎಂದು ಒಮ್ಮೆ ಬಟ್ಟಲನ್ನೇ ಮೊಣಕೈಯಿಂದ ತಳ್ಳಿಬಿಟ್ಟಿದ್ದ. "ಕಣ್ಣಿಗೆ ಬಟ್ಟೆ ಕಟ್ಕೊಂಡು ರೈಫಲ್ ಬಿಚ್ಚಿ ಜೋಡಿಸ್ತಿದ್ದೆ ಕಣಕ್ಕಾ. ಈಗ ನೋಡು, ಗಂಜಿ ಬಾಯಿಗೆ ಬಾ ಅಂದ್ರೆ ಮೂಗಿಗೆ ಹೋಗ್ತದೆ."

"ಹೋಗ್ಲಿ ಬಿಡೋ, ಮೂಗೂ ನಿಂದೇ ತಾನೆ" ಎಂದಿದ್ದಳು.

ಅವನು ನಕ್ಕಿದ್ದನ್ನು ವಾರ್ಡು ಅಂದೇ ಮೊದಲು ನೋಡಿದ್ದು. ಅಲ್ಲಿಂದ ಬಿದ್ದು ಎದ್ದು, ಬೈದುಕೊಂಡೇ ಕಲಿತ. ಈಗೀಗ ಅರ್ಧ ಬಟ್ಟಲನ್ನಾದರೂ ತಾನೇ ಮುಗಿಸುತ್ತಿದ್ದ.

ಮಧ್ಯಾಹ್ನ ಧಣಿ ಬಂದ. ಹಿಂದೆ ಕ್ಯಾಮೆರಾದವರು, ಪಕ್ಕದಲ್ಲಿ ದೊಡ್ಡ ಡಾಕ್ಟರು. ಅವಳು ಬಾಗಿಲ ಹಿಂದೆ ಬಕೆಟ್ಟು ಹಿಡಿದು ನಿಂತಳು. ಗೂಬೆ ಆಗ ಗಂಜಿಯ ಮುಂದೆ ಕೂತಿದ್ದ. ಒಂದು ಚಮಚ ಬಾಯಿಗೆ ಹೋದರೆ ಒಂದು ಎದೆಯ ಮೇಲೆ.

"ಹೀಗೆ ಚೆಲ್ಲಾಡ್ಕೊಂಡು ತಿನ್ನೋದು ನೋಡೋಕೆ ಚೆನ್ನಾಗಿರಲ್ಲ" ಎಂದರು ದೊಡ್ಡ ಡಾಕ್ಟರು. "ಧಣಿಗಳೇ ತಮ್ಮ ಕೈಯಾರೆ ತಿನ್ನಿಸ್ತಾರೆ. ಫೋಟೋ ಚೆನ್ನಾಗಿ ಬರುತ್ತೆ. ಆ ಪಟ್ಟಿ ಬಿಚ್ಚಿಸಿ."

ಮೇಸ್ತ್ರಿ ಬೆರಳಲ್ಲೇ ಕರೆದ. ಅವಳು ತಲೆ ತಗ್ಗಿಸಿಕೊಂಡು ಬಂದು ಬಕೆಟ್ಟನ್ನು ಮಂಚದ ಪಕ್ಕ ಇಟ್ಟಳು.

"ಬಿಚ್ಬೇಡಕ್ಕಾ" ಎಂದ ಗೂಬೆ, ಅವಳಿಗಷ್ಟೇ ಕೇಳುವಂತೆ.

"ಸುಮ್ನಿರೋ ತಮ್ಮಾ. ಹೊಟ್ಟೆಪಾಡು."

ಬಿಚ್ಚಿದಳು. ಅವನು ಅವಳ ಮುಖ ನೋಡಲಿಲ್ಲ. ಅವಳಿಗೆ ಅಲ್ಲೇ ನಿಲ್ಲಲೂ ಆಗಲಿಲ್ಲ, ಬಾಗಿಲ ಹಿಂದೆ ಹೋಗಲೂ ಆಗಲಿಲ್ಲ. ಪಟ್ಟಿಯನ್ನು ಮುಷ್ಟಿಯಲ್ಲಿ ಹಿಂಡುತ್ತಾ ಮಂಚದ ಕಾಲ ಬಳಿ ಉಳಿದಳು.

ಧಣಿ ಮಂಚದ ಅಂಚಿನಲ್ಲಿ ಕೂತು, ಬೇರೊಂದು ಚಮಚ ತುಂಬಿ, ಕ್ಯಾಮೆರಾ ಕಡೆ ಮುಖ ತಿರುಗಿಸಿ ನಕ್ಕ.

"ಬಾಯ್ ತೆಗಿಯಪ್ಪಾ. ದೇಶಕ್ಕೆ ಎರಡೂ ಕೈ ಕೊಟ್ಟೋನು ನೀನು."

"ನಾನು ಯಾರ್ಗೂ ಕೈ ಕೊಟ್ಟಿಲ್ಲ ಸಾರ್" ಎಂದ ಗೂಬೆ. "ಕೈ ಕೊಟ್ಟೋರು ಬೇರೆ ಇದಾರೆ."

ಯಾವುದೋ ಹಾಸಿಗೆಯಿಂದ ಫುಸಕ್ಕೆಂದು ನಗು ಸಿಡಿಯಿತು. ಅದು ಮಂಚದಿಂದ ಮಂಚಕ್ಕೆ ಹಬ್ಬಿತು. ಧಣಿಯ ಕಿವಿ ಕೆಂಪಾದವು, ತುಟಿಯ ಮೇಲಿನ ನಗು ಮಾತ್ರ ಹಾಗೇ ಇತ್ತು. ಚಮಚವನ್ನು ಒತ್ತಿ ತುರುಕಿದ. ಅದು ಹಲ್ಲಿಗೆ ಬಡಿದು ಟಣ್ ಎಂದಿತು. ಗೂಬೆ ಬಾಯಿ ತೆರೆಯಲಿಲ್ಲ. ಗಂಜಿ ಗದ್ದದಿಂದ ಕುತ್ತಿಗೆಗೆ ಇಳಿಯಿತು.

"ಬಕೆಟ್ಟು, ಅವನ ಗದ್ದ ಹಿಡ್ಕೋ" ಎಂದು ದೊಡ್ಡ ಡಾಕ್ಟರು ಹಲ್ಲುಮುಡಿ ಕಚ್ಚಿ ಪಿಸುಗುಟ್ಟಿದರು. "ಒಂದೇ ಒಂದು ಫೋಟೋ. ಹಿಡ್ಕೋ ಅಂದ್ನಲ್ಲ!"

ಅವಳು ಬಾಗಿದಳು. ಹೆಗಲ ಮೇಲಿದ್ದ ಬಟ್ಟೆಯಿಂದ ಅವನ ಗದ್ದ ಒರೆಸಿದಳು, ಕುತ್ತಿಗೆ ಒರೆಸಿದಳು. ಆಮೇಲೆ ಮುಷ್ಟಿಯಲ್ಲಿದ್ದ ಪಟ್ಟಿಯನ್ನು ಚಮಚದ ಸಮೇತ ಅವನ ಮೊಂಡುಗೈಗೆ ಸುತ್ತತೊಡಗಿದಳು. ಕೊಂಡಿ ಎರಡು ಸಲ ಜಾರಿತು.

"ಏಯ್, ಏನ್ ಮಾಡ್ತಿದೀಯೇ?" ಎಂದು ಮೇಸ್ತ್ರಿ ಮುನ್ನುಗ್ಗಿದ.

"ಅವ್ನಿಗೆ ತಿನ್ನೋಕೆ ಬರ್ತದೆ. ತಾನೇ ತಿಂತಾನೆ."

"ಯಾರ್ರೀ ಇವಳು?" ಎಂದ ಧಣಿ.

"ಕಸದೋಳು ಧಣಿ. ತಲೆ ನೆಟ್ಟಗಿಲ್ಲ..." ಎಂದ ಮೇಸ್ತ್ರಿ.

"ಗಾರೆಯವನ ಹೆಂಡ್ತಿ" ಎಂದಳು ಅವಳು. ಕೊಂಡಿ ಬಿಗಿದು ಎದ್ದು ನಿಂತಳು. "ಈ ಗೋಡೆಗೆ ಗಾರೆ ಮಾಡುವಾಗ ಬಿದ್ನಲ್ಲ, ಅವ್ನ ಹೆಂಡ್ತಿ. ಹಗ್ಗ ಲಡ್ಡಾಗಿ ಹರಿಯೋ ಹಂಗಿದೆ ಧಣಿ, ಬೇರೆ ಕೊಡ್ಸಿ ಅಂತ ನಿಮ್ಮ ಮುಂದೆ ನಿಂತಿದ್ದ. ಜೀವದ ಮೇಲೆ ಅಷ್ಟೊಂದು ಆಸೆ ಇದ್ರೆ ಮನೇಲಿ ಬಿದ್ಕೋ ಹೋಗು ಅಂದ್ರಿ. ಈಗ ಮನೇಲೇ ಬಿದ್ಕೊಂಡಿದಾನೆ. ಅವ್ನಿಗೂ ಒಂದಿನ ತಿನ್ಸೋಕೆ ಬನ್ನಿ, ಇದೇ ಕ್ಯಾಮೆರಾ ತಗೊಂಡು."

ನಗು ನಿಂತಿತು. ಧಣಿ ಹುಬ್ಬು ಗಂಟಿಕ್ಕಿ ಡಾಕ್ಟರ ಕಡೆ ತಿರುಗಿದ.

"ಯಾವ ಗಾರೆಯವನು?"

ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

"ಬಿಡಿ ಧಣಿ, ಇವಳ ಕಥೆ ಆಮೇಲೆ ನೋಡ್ಕೋತೀವಿ. ಪಕ್ಕದ ಹಾಸಿಗೆಗೆ ಹೋಗೋಣ" ಎಂದು ದೊಡ್ಡ ಡಾಕ್ಟರು ಅವನ ಮೊಣಕೈ ಹಿಡಿದರು. ಕ್ಯಾಮೆರಾಗಳು ಸಾಲಾಗಿ ಸರಿದವು.

ಪಕ್ಕದ ಹಾಸಿಗೆಯವನಿಗೆ ಎರಡೂ ಕಾಲಿರಲಿಲ್ಲ. ಧಣಿ ಹತ್ತಿರ ಬರುತ್ತಿದ್ದಂತೆ ಅವನು ಮಂಚದ ಕಂಬಿ ಹಿಡಿದು ಮೈ ಹೊರಳಿಸಿ ಗೋಡೆಯ ಕಡೆ ಮುಖ ಮಾಡಿದ. ಅದರಾಚೆಯವನು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ನರಳುತ್ತಲೇ ಹೊರಳಿದ. ಆಮೇಲೆ ಇನ್ನೊಬ್ಬ. ಮಂಚಗಳು ಕಿರ್‍ರೆನ್ನುವುದಷ್ಟೇ ಕೇಳುತ್ತಿತ್ತು. ಕ್ಯಾಮೆರಾದ ಮುಂದೆ ಬರೀ ಬೆನ್ನುಗಳಿದ್ದವು.

"ನಿನ್ ಕೆಲಸ ಹೋಯ್ತು ಅಂತ ತಿಳ್ಕೋ ಮುಂಡೇದೇ! ಈಗಿಂದೀಗ್ಲೇ ಆಚೆ ನಡಿ!" ಎಂದು ಮೇಸ್ತ್ರಿ ಅವಳ ರಟ್ಟೆಗೆ ಕೈ ಹಾಕಿದ. ಗೂಬೆ ಎದ್ದು, ಚಮಚ ಬಿಗಿದ ಮೊಂಡುಗೈಯನ್ನು ಅವರಿಬ್ಬರ ನಡುವೆ ಅಡ್ಡ ಚಾಚಿದ. ಮೇಸ್ತ್ರಿ ಕೈ ಬಿಟ್ಟ.

ಅವಳು ಬಕೆಟ್ಟು ಎತ್ತಿಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿರಬೇಕು.

"ಅಕ್ಕಾ."

ಕೊನೆಯ ಹಾಸಿಗೆಯಿಂದ ಬಂದ ದನಿ. ಕುತ್ತಿಗೆಗೆ ಗಟ್ಟಿ ಪಟ್ಟಿ ಹಾಕಿಸಿಕೊಂಡಿದ್ದ ಹುಡುಗ. ಅದರಿಂದ ಕೆಳಗೆ ಅವನದೇನೂ ಅಲುಗುತ್ತಿರಲಿಲ್ಲ. ಧಣಿ, ಡಾಕ್ಟರು, ಕ್ಯಾಮೆರಾ ಎಲ್ಲ ಅವನ ತಲೆದೆಸೆಗೆ ಬಂದು ನಿಂತಿದ್ದರು. ಅವನು ಸೂರನ್ನೇ ನೋಡುತ್ತಾ ಹೇಳಿದ.

"ನನ್ನನ್ನೂ ತಿರುಗ್ಸಕ್ಕಾ."

ಅವಳು ಬಕೆಟ್ಟನ್ನು ಅಲ್ಲೇ ಇಟ್ಟು ಬಂದಳು. ಒಂದು ಕೈಯನ್ನು ಅವನ ಹೆಗಲ ಕೆಳಗೆ, ಇನ್ನೊಂದನ್ನು ಸೊಂಟದ ಕೆಳಗೆ ತೂರಿಸಿದಳು. ಧಣಿ ಒಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು, ಅವಳಿಗೆ ಜಾಗ ಸಾಲುತ್ತಿರಲಿಲ್ಲ.

"ಉಸಿರು ಬಿಗಿಹಿಡ್ಕೋಬೇಡ" ಎಂದಳು, ಮೆಲ್ಲಗೆ ಎತ್ತಿ, ಗೋಡೆಯತ್ತ ಹೊರಳಿಸುತ್ತಾ.