ಅರ್ಥವಾಗುವಂಥ ಪುಸ್ತಕ

"ಇದೂ ಬೇಡ. ಎರಡನೇ ಪುಟದಲ್ಲೇ 'ನಿಮಗೆ ಗೊತ್ತಿರುವಂತೆ' ಅಂತಾನೆ. ನಂಗೇನು ಗೊತ್ತಿದೆ, ಮಣ್ಣು?" ಎನ್ನುತ್ತ ಆಕೆ ಮೂರನೆಯ ಪುಸ್ತಕವನ್ನೂ ಪಕ್ಕಕ್ಕಿಟ್ಟಳು.

ಪುಸ್ತಕದಂಗಡಿಯವನಿಗೆ ನಗು ಬಂತು. "ಪ್ರೋಗ್ರಾಮಿಂಗ್ ಕಲಿಯೋರು ಯಾರು ಮೇಡಂ? ಮಕ್ಕಳಾ?"

"ಮಗಳಿಗೆ ಆಗ್ಲೇ ಬರುತ್ತೆ. ಅವಳು ಹೇಳೋದು ನಂಗೆ ಅರ್ಥ ಆಗ್ಬೇಕು, ಅದಕ್ಕೆ."

ವಿಚ್ಛೇದನವಾದ ಮೇಲೆ ಹದಿನಾಲ್ಕರ ಮಗಳು ಬೇರೆ ಊರಿನಲ್ಲಿ ಅಪ್ಪನ ಜೊತೆ ಇದ್ದಳು. ಭಾನುವಾರ ಮಧ್ಯಾಹ್ನ ಫೋನು. ಊಟ ಆಯ್ತಾ, ಪರೀಕ್ಷೆ ಯಾವಾಗ ಎಂದು ಕೇಳಿ ಮುಗಿದರೆ ಇಬ್ಬರಿಗೂ ಮಾತು ಸಿಗುತ್ತಿರಲಿಲ್ಲ. ಒಂದೇ ಒಂದು ಸಲ, ತಾನು ಬರೆದ ಪ್ರೋಗ್ರಾಮಿನ ಬಗ್ಗೆ ಮಗಳು ಇಪ್ಪತ್ತು ನಿಮಿಷ ಬಾಯಿ ತುಂಬ ಮಾತಾಡಿದ್ದಳು. ಆಮೇಲೆ ತಾನೇ ಮಾತು ನಿಲ್ಲಿಸಿ, "ಹೋಗ್ಲಿ ಬಿಡಮ್ಮ, ನಿಂಗೆ ಅರ್ಥ ಆಗಲ್ಲ" ಎಂದಿದ್ದಳು.

ಅಂಗಡಿಯವನು ಕೆಳಗಿನ ಸಾಲಿನಿಂದ ಯಾರೋ ಓದಿ ಮಾರಿದ್ದ ತೆಳ್ಳನೆಯ ಪುಸ್ತಕವೊಂದನ್ನು ತೆಗೆದುಕೊಟ್ಟ. ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು. ಆಕೆ ನಿಂತಲ್ಲೇ ಮೊದಲ ಅಧ್ಯಾಯ ಓದಿದಳು. ಎಲ್ಲೂ ಎಡವಲಿಲ್ಲ. ಚೀಲಕ್ಕೆ ಹಾಕಿಕೊಂಡಳು.

ಹಗಲೆಲ್ಲ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಫ್ರೇಮಿಗೆ ತಕ್ಕಂತೆ ಗಾಜಿನ ಅಂಚು ಉಜ್ಜುವುದು ಅವಳ ಕೆಲಸ. ಸಂಜೆ, ಮಾಲೀಕರು ಕೊಟ್ಟ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಳು. ಮೊದಲ ವಾರ ತಲೆಗೇನೂ ಹತ್ತಲಿಲ್ಲ. ಮೂರನೆಯ ವಾರ, ಒಂದರಿಂದ ಹತ್ತರವರೆಗೆ ಎಣಿಸುವ ಪ್ರೋಗ್ರಾಮು ತಪ್ಪಿಲ್ಲದೆ ಓಡಿತು. "ನೋಡ್ದಾ!" ಎಂದು ಕೂಗಿದವಳು, ಯಾರಿಗೆ ಹೇಳಿದೆನೆಂದು ಖಾಲಿ ಕೋಣೆಯತ್ತ ತಿರುಗಿ ನೋಡಿದಳು.

ಆ ಭಾನುವಾರ ಕೇಳಬೇಕಾದ ಪ್ರಶ್ನೆಯನ್ನು ಬೆಳಗಿನಿಂದ ನಾಲ್ಕು ಸಲ ಹೇಳಿ ನೋಡಿಕೊಂಡಿದ್ದಳು.

"ಪುಟ್ಟಿ, ನಿನ್ನ ಪ್ರೋಗ್ರಾಮಲ್ಲಿ ಲೂಪ್ ಹಾಕಿದೀನಿ ಅಂದಿದ್ಯಲ್ಲ, ಅದು ಸುತ್ತೋದು ನಿಲ್ಲಿಸೋಕೆ ಏನು ಬರೆದಿದ್ದೆ?"



"ಅಯ್ಯೋ, ಅದನ್ನ ಬಿಟ್ಟು ಎಷ್ಟು ದಿನ ಆಯ್ತಮ್ಮ! ಬೋರು. ಈಗ ಈಜೋಕೆ ಹೋಗ್ತಿದೀನಿ. ಅಪ್ಪ ಕೆಳಗೆ ಕಾಯ್ತಿದಾರೆ, ಇಡ್ಲಾ?"

"ಹ್ಞೂಂ, ಇಡು. ತಲೆ ಚೆನ್ನಾಗಿ ಒರೆಸ್ಕೋ."

ಪುಸ್ತಕದ ವಿಷಯ ಹೇಳಲಿಲ್ಲ. ಫೋನನ್ನು ಬೋರಲಾಗಿಟ್ಟಳು. ಮಹಡಿಯ ಮನೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದು. ತುಸು ಹೊತ್ತಿನ ಮೇಲೆ ಎಂಟನೆಯ ಅಧ್ಯಾಯ ತೆರೆದು, ಅಲ್ಲಿದ್ದ ಉದಾಹರಣೆಯನ್ನು ಅಕ್ಷರ ಅಕ್ಷರ ನೋಡಿ ಟೈಪು ಮಾಡಿದಳು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಹನ್ನೊಂದನೇ ಸಾಲಿನಲ್ಲಿ ತಪ್ಪು.

ಅವಳು ಪರದೆಗೆ ಬೆರಳು ಹಚ್ಚಿ, ಮೇಲಿನಿಂದ ಒಂದೊಂದೇ ಸಾಲು ಎಣಿಸತೊಡಗಿದಳು.