ಕೆಂಪು ತಲೆ ಅಡ್ಡ ಬಂತು

ನನ್ನ ತಲೆಗೂದಲು ಕೆಂಪು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಫ್ರೀಮ್ಯಾಂಟಲ್ ಜೈಲಿನಿಂದ ನಮ್ಮ ಹುಡುಗರನ್ನು ಕಡಲ ದಾರಿಯಲ್ಲಿ ಹಾರಿಸಿಕೊಂಡು ಹೋದ ಆ ಮಹಾಸಾಹಸವನ್ನು ಈಗ ಈ ಊರಿನ ಪ್ರತಿಯೊಬ್ಬ ಐರಿಷ್ ಕುಡುಕನೂ ತಾನೇ ದೋಣಿಯಲ್ಲಿ ಕೂತಿದ್ದವನ ಹಾಗೆ ವರ್ಣಿಸುತ್ತಾನೆ. ಆ ವರ್ಣನೆಯಲ್ಲಿ ಪಿಸ್ತೂಲು ಬರುತ್ತದೆ, ಬಾವುಟ ಬರುತ್ತದೆ, ಬಿರುಗಾಳಿಯಂತೂ ಎರಡೆರಡು ಸಲ ಬರುತ್ತದೆ. ನನ್ನ ತಲೆ ಮಾತ್ರ ಬರುವುದಿಲ್ಲ.

ನಾವು ಐರ್ಲೆಂಡಿನ ಪಡುವಣ ಕರಾವಳಿಯವರು, ಕಾನೆಮಾರಾ ಕಡೆಯ ಮೀನುಗಾರರು. ನಮ್ಮಲ್ಲಿ ದೋಣಿಗೆ ಹೊರಟ ಗಂಡಸರಿಗೆ ಕೆಂಪು ಕೂದಲಿನ ಹೆಣ್ಣು ಎದುರಾದರೆ ಕಥೆ ಮುಗಿಯಿತು. ಮೊದಲು ಕಂಡವನು ಬಲೆ ಕೆಳಗಿಳಿಸಿ ಮನೆಗೆ ವಾಪಸ್ಸು ಹೋಗಬೇಕು. ಅವನು ಹೋದರೆ ಕೆಡುಕೂ ಅವನ ಹಿಂದೆಯೇ ಹೋಗುತ್ತದೆ, ಉಳಿದವರು ಕಡಲಿಗಿಳಿಯಬಹುದು. ಅವನು ಹಟ ಹಿಡಿದು ದೋಣಿ ಹತ್ತಿದನೋ, ಎಲ್ಲರೂ ನೀರುಪಾಲು. ಅಪ್ಪನೂ ಮೀನು ಹಿಡಿಯುವವನೇ. ಆದ್ದರಿಂದ ದೋಣಿಗಳೆಲ್ಲ ಹೊರಡುವವರೆಗೆ ನಾನು ಒಲೆಯ ಮುಂದೆ ಕೂತು ಬೂದಿ ಕೆದಕುತ್ತಿರಬೇಕಿತ್ತು. ಒಂದು ಸಲ ತಿಳಿಯದೆ ಬಾವಿಗೆ ಹೋಗಿ, ಒಂದೇ ಬೆಳಿಗ್ಗೆ ಮೂವರು ಗಟ್ಟಿ ಗಂಡಸರನ್ನು ಮನೆಗೆ ಅಟ್ಟಿದ ಕೀರ್ತಿ ನನ್ನದು. ಇಂಗ್ಲಿಷರ ನೌಕಾಪಡೆಗೂ ಅಂಥ ದಾಖಲೆ ಇರಲಾರದು.

ನನ್ನ ತಮ್ಮ ಕೋಲ್ಮನ್. ಹಸಿವು ತಾಳಲಾರದೆ ಇಂಗ್ಲಿಷರ ಸೈನ್ಯ ಸೇರಿದ. ಹೊಟ್ಟೆ ತುಂಬಿದ ಮೇಲೆ ಅದೇ ಇಂಗ್ಲಿಷರನ್ನು ನಮ್ಮ ದೇಶದಿಂದ ಓಡಿಸುತ್ತೇನೆಂದು ಗುಟ್ಟಾಗಿ ಪ್ರಮಾಣ ಮಾಡಿದ. ನಮ್ಮವರಲ್ಲಿ ಗುಟ್ಟು ಅಂದರೆ ಹೆಂಡದಂಗಡಿಯಲ್ಲಿ ಸ್ವಲ್ಪ ಮೆಲ್ಲಗೆ ಹೇಳುವ ಮಾತು. ಯಾರೋ ಹೋಗಿ ಚಾಡಿ ಹೇಳಿದರು. ಜೀವಾವಧಿ ಶಿಕ್ಷೆ ಕೊಟ್ಟು, ಹಡಗಿಗೆ ತುಂಬಿ, ಭೂಮಿಯ ಬುಡದಲ್ಲಿರುವ ಈ ಸುಣ್ಣಕಲ್ಲಿನ ಊರಿಗೆ ತಂದು ಎಸೆದರು. ಅವನ ಹಿಂದೆ ನಾನೂ ಮನೆಗೆಲಸದವಳಾಗಿ ಹಡಗು ಹತ್ತಿದೆ. ಅವ್ವ ಸಾಯುವಾಗ ತಮ್ಮನನ್ನು ನೋಡಿಕೋ ಎಂದಿದ್ದಳು. ಎಲ್ಲಿಯವರೆಗೆ ಎಂದು ಹೇಳಿರಲಿಲ್ಲ.

ಹತ್ತು ವರ್ಷ ಕಳೆಯಿತು. ನಾನು ಬಂದರಿನ ಹತ್ತಿರದ ಹೋಟೆಲಿನಲ್ಲಿ ಹಾಸಿಗೆ ಹಾಸುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ. ಅವನು ಕಲ್ಲು ಒಡೆಯುತ್ತಿದ್ದ. ಸನ್ನಡತೆ ಮೆಚ್ಚಿ ಈಚೆಗೆ ಬಂದರಿನ ಕಟ್ಟೆ ಕೆಲಸಕ್ಕೆ ಹೊರಗೆ ಬಿಡುತ್ತಿದ್ದರು. ಅಷ್ಟರಲ್ಲಿ ಕಲ್ಲಿನ ಧೂಳು ಎದೆಗಿಳಿದಿತ್ತು. ಭಾನುವಾರ ಚರ್ಚಿನ ಪೂಜೆಯ ಹೊತ್ತಿಗೆ ಕೈದಿಗಳ ಸಾಲಿನಿಂದ ಬರುವ ಕೆಮ್ಮುಗಳಲ್ಲಿ ಅವನದು ಯಾವುದೆಂದು ಕಣ್ಣುಮುಚ್ಚಿ ಹೇಳುತ್ತಿದ್ದೆ. ಜೈಲಿನ ಡಾಕ್ಟರು ಕೆಮ್ಮಿಗೂ ಕಾಲುನೋವಿಗೂ ಒಂದೇ ಮಾತ್ರೆ ಕೊಡುತ್ತಿದ್ದರು, ಭೇದಿ ಮಾತ್ರ ಚೆನ್ನಾಗಿ ಆಗುತ್ತಿತ್ತು. ಇಲ್ಲಿಂದ ಹೊರಬಿದ್ದರೆ ತಮ್ಮ ಬದುಕುತ್ತಾನೆ, ಇಲ್ಲದಿದ್ದರೆ ಇಲ್ಲ. ನನಗಿದ್ದ ರಾಜಕೀಯ ಇಷ್ಟೇ.

ಆಗ ಬಂದ ವಿಟ್ಲಾಕ್ ಸಾಹೇಬ. ನಿಜವಾದ ಹೆಸರು ಏನೋ, ನನಗೆ ಕೊನೆಗೂ ಗೊತ್ತಾಗಲಿಲ್ಲ. ರೇಷ್ಮೆ ಟೋಪಿ, ಬೆಳ್ಳಿಯ ಹಿಡಿಯ ಕೋಲು, ಮೀಸೆಗೆ ಸುಗಂಧದ ಎಣ್ಣೆ. ಭೂಮಿ ಕೊಳ್ಳಲು ಬಂದ ಅಮೆರಿಕದ ಶ್ರೀಮಂತ ಎಂದು ಹೇಳಿಕೊಂಡು ನಮ್ಮ ಹೋಟೆಲಿನ ದೊಡ್ಡ ಕೋಣೆ ಹಿಡಿದ. ಜೈಲಿನ ದೊಡ್ಡ ಅಧಿಕಾರಿ ಅವನಿಗೆ ಊಟ ಹಾಕಿಸಿ, ಖುದ್ದಾಗಿ ಜೈಲೆಲ್ಲ ಸುತ್ತಿಸಿ, ಗೋಡೆ ಎಷ್ಟು ಭದ್ರ ನೋಡಿ ಎಂದು ತಟ್ಟಿ ತೋರಿಸಿದನಂತೆ. ಹಣವಿರುವವನ ಹಾಗೆ ಕಂಡರೆ ಈ ಊರಿನಲ್ಲಿ ಬೀಗದ ಕೈಯನ್ನೂ ತಟ್ಟೆಯಲ್ಲಿಟ್ಟು ಕೊಡುತ್ತಾರೆ.

ಒಂದು ಬೆಳಿಗ್ಗೆ ಹಾಸಿಗೆ ಹಾಸುತ್ತಿದ್ದಾಗ ಅವನು ಬಾಗಿಲು ಹಾಕಿದ. ನಾನು ನೀರಿನ ಹೂಜಿ ಕೈಗೆ ತೆಗೆದುಕೊಂಡೆ, ತಲೆಗೆ ಬಡಿಯೋಣವೆಂದು. ಆದರೆ ಅವನು ಕೇಳಿದ್ದು ನನ್ನ ತಮ್ಮನ ವಿಚಾರ. ಅಮೆರಿಕದ ನಮ್ಮ ಜನ ಚಂದಾ ಎತ್ತಿ ಮರ್ಸಿ ಆಲ್ಡನ್ ಎಂಬ ತಿಮಿಂಗಿಲ ಬೇಟೆಯ ಹಡಗು ಕಳಿಸಿದ್ದಾರೆ, ಅದು ಯಾರ ಕಾನೂನೂ ನಡೆಯದ ನಡುಗಡಲಿನಲ್ಲಿ ನಿಲ್ಲುತ್ತದೆ, ಅದರ ದೋಣಿಯೊಂದು ದಕ್ಷಿಣದ ಮರಳದಂಡೆಗೆ ಬರುತ್ತದೆ ಎಂದು ಒಂದೇ ಉಸಿರಿಗೆ ಹೇಳಿದ. ದೊರೆಗಳೆಲ್ಲ ನದಿಯ ದೋಣಿ ಪಂದ್ಯ ನೋಡಲು ಪಕ್ಕದ ಪರ್ತ್ ಪಟ್ಟಣಕ್ಕೆ ಹೋಗುವ ದಿನ, ಹೊರಗೆ ಕೆಲಸಕ್ಕೆ ಬಿಟ್ಟ ನಮ್ಮ ಆರು ಜನರನ್ನು ಕುದುರೆಗಾಡಿಯಲ್ಲಿ ಆ ದಂಡೆಗೆ ಸಾಗಿಸುವುದು. ಹೂಜಿ ಕೆಳಗಿಟ್ಟು ಅವನ ಕೈ ಹಿಡಿದು ಅತ್ತುಬಿಟ್ಟೆ.

ಕಡಲದಾರಿ ಕವಲೊಡೆಯುವ ತಿರುವಿನಲ್ಲಿ ನಿಲ್ಲುವುದು ನನ್ನ ಕೆಲಸ. ಬೆಳಗಿನ ಕುದುರೆ ಪೊಲೀಸರು ಹಾದುಹೋದ ಮೇಲೆ, ದಾರಿ ನಿರಾಳವಾಗಿದ್ದರೆ, ತಲೆಗೆ ಕಟ್ಟಿದ ಬಿಳಿ ಬಟ್ಟೆ ಬಿಚ್ಚಿ ಬೀಸಬೇಕು. ಬೀಸದಿದ್ದರೆ ಗಾಡಿ ಒಳಗಿನ ಮರಳುದಾರಿ ಹಿಡಿಯುತ್ತದೆ. ಆ ದಾರಿಯಲ್ಲಿ ಕುದುರೆಯ ಮೊಣಕಾಲು ಹೂತುಹೋಗುತ್ತಿತ್ತು, ದೋಣಿ ಕಾಯುವ ಹೊತ್ತಿಗೆ ಮುಟ್ಟುವ ಮಾತೇ ಇರಲಿಲ್ಲ.

"ತಲೆ ಬಟ್ಟೆ ಬೇಡ ಸಾಹೇಬ್ರೆ," ಎಂದೆ. "ನನ್ನ ತಮ್ಮ ಕರಾವಳಿಯೋನು. ಕೆಂಪು ತಲೆ ಕಂಡ್ರೆ ದೋಣಿ ಹತ್ತಲ್ಲ."

ಅವನು ಅಸಲಿಗೆ ಡಬ್ಲಿನ್ ಪೇಟೆಯವನು, ಕಡಲನ್ನು ಟಿಕೆಟ್ ಕೊಂಡು ನೋಡಿದವನು. ನಕ್ಕ. ಸ್ವತಂತ್ರ ಐರ್ಲೆಂಡಿನಲ್ಲಿ ಇಂಥ ಮೂಢನಂಬಿಕೆಗೆಲ್ಲ ಜಾಗವಿರುವುದಿಲ್ಲ ಎಂದು ಪುಟ್ಟ ಭಾಷಣ ಮಾಡಿದ. ಭಾಷಣಕ್ಕೆ ಮುಂಚೆ, ಕೆಡುಕು ತಟ್ಟದಿರಲೆಂದು ಮೂರು ಸಲ ಮೇಜಿನ ಮರ ಮುಟ್ಟಿಕೊಂಡದ್ದನ್ನು ನಾನು ನೋಡಿದೆ.

ಭಾನುವಾರ ಪೂಜೆ ಮುಗಿದ ಮೇಲೆ ಕೋಲ್ಮನ್‌ಗೆ ಸುದ್ದಿ ಮುಟ್ಟಿಸಿದೆ. ಹಡಗು ಎಷ್ಟು ದೊಡ್ಡದು, ಬಂದೂಕು ಉಂಟೋ, ಸಿಕ್ಕಿಬಿದ್ದರೆ ನೇಣೋ, ಯಾವುದನ್ನೂ ಕೇಳಲಿಲ್ಲ. ನೀನು ತಲೆ ಮುಚ್ಚಿಕೊಂಡಿರುತ್ತೀಯ ತಾನೇ ಎಂದಷ್ಟೇ ಕೇಳಿದ. ಒಮ್ಮೆ ಅಲ್ಲ, ಕಾವಲುಗಾರ ಗದರಿಸುವವರೆಗೂ ಅದನ್ನೇ ಕೇಳಿದ. ಆಯ್ತು ಮಾರಾಯ, ತಲೆಬಟ್ಟೆ ಬಿಚ್ಚುವುದಿಲ್ಲ, ಕೆಲಸದ ಹೊತ್ತು ಸೊಂಟಕ್ಕೆ ಕಟ್ಟುವ ಮುಂಗಟ್ಟನ್ನೇ ಬೀಸುತ್ತೇನೆ ಎಂದು ಮಾತುಕೊಟ್ಟೆ.

ಆ ದಿನ ಬಂತು. ಪೊಲೀಸರು ನನಗೆ ಒಳ್ಳೆಯ ಬೆಳಗು ಹಾರೈಸಿ ಹೋದರು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಧೂಳೆದ್ದಿತು, ಗಾಡಿ ಕಂಡಿತು, ಹಿಂದೆ ಕುದುರೆಯ ಮೇಲೆ ವಿಟ್ಲಾಕ್. ಸೊಂಟದ ಮುಂಗಟ್ಟು ಬಿಚ್ಚಿ ಬೀಸಿದೆ. ಹೋಟೆಲಿನ ಪಾತ್ರೆ ಒರೆಸಿ ಒರೆಸಿ ಅದು ಮರಳಿನ ಬಣ್ಣವನ್ನೇ ತಳೆದಿತ್ತು. ಗಾಡಿ ನಿಂತಿತು. ಕುಣಿದು ಕುಪ್ಪಳಿಸಿದೆ. ಹುಚ್ಚಿ ಎಂದುಕೊಂಡರೋ ಏನೋ, ಗಾಡಿಯವನು ಕುದುರೆಗಳ ಮೂತಿಯನ್ನು ಮರಳುದಾರಿಯ ಕಡೆಗೆ ತಿರುಗಿಸತೊಡಗಿದ. ಇನ್ನು ನೋಡುತ್ತ ನಿಂತರೆ ಆರೂ ಜನ ಹೋದ ಹಾಗೆಯೇ. ಯೇಸು ಮರಿಯಾ ಎಂದು ತಲೆಯ ಬಿಳಿ ಬಟ್ಟೆ ಕಿತ್ತು ಎತ್ತಿ ಬೀಸಿದೆ. ಗಾಳಿ ಬೇರೆ. ಜಡೆ ಬಿಚ್ಚಿ ಕೂದಲೆಲ್ಲ ಹರಡಿಕೊಂಡಿತು.

ಗಾಡಿ ಓಡೋಡಿ ಬಂತು. ಐವರು ಕೈ ಬೀಸಿ ಕೇಕೆ ಹಾಕುತ್ತಿದ್ದರು. ಆರನೆಯವನು ಗಾಡಿ ನಿಲ್ಲುವ ಮೊದಲೇ ಕೆಳಗೆ ಹಾರಿದ.

"ಅಕ್ಕಾ, ಮುಚ್ಕೊಂಡಿರ್ತೀನಿ ಅಂದಿದ್ದೆ," ಎಂದ ಕೋಲ್ಮನ್. ಮುಖದಲ್ಲಿ ರಕ್ತವಿರಲಿಲ್ಲ.

"ಮುಚ್ಕೊಂಡೇ ಇದ್ದೆ ಕಣೋ. ನಿಮ್ಮ ಗಾಡಿಯೋನಿಗೆ ಕಣ್ಣು ಕಂಡಿದ್ರೆ ಬಿಚ್ತಾನೇ ಇರ್ಲಿಲ್ಲ. ಹತ್ತು ಮೊದ್ಲು."

"ಮೊದ್ಲು ಕಂಡೋನು ನಾನು. ನಾ ಹತ್ತಿದ್ರೆ ಇವರೆಲ್ಲ ಸಾಯ್ತಾರೆ."

"ರಾಣಿ ಮೇಲೆ ಬಂದೂಕು ಎತ್ತೀನಿ ಅಂತ ಆಣೆ ಮಾಡುವಾಗ ಇಲ್ದಿದ್ದ ಭಯ ಅಕ್ಕನ ಜಡೆ ನೋಡಿ ಬಂತಾ ನಿಂಗೆ?"

"ರಾಣಿ ಸಮುದ್ರದಲ್ಲಿರಲ್ಲ ಅಕ್ಕ," ಎಂದ. ಅದನ್ನು ತಮಾಷೆಗೆ ಹೇಳಲಿಲ್ಲ.

ಕಪಾಳಕ್ಕೆ ಬಿಟ್ಟೆ. ಕಾಲು ಹಿಡಿದೆ. ಸಾಯುತ್ತೀಯೋ ಇಲ್ಲೇ, ಕೆಮ್ಮಿ ಕೆಮ್ಮಿ ಸಾಯುತ್ತೀಯೋ ಎಂದು ಕಿರುಚಿದೆ. ವಿಟ್ಲಾಕ್ ಪಿಸ್ತೂಲು ತೆಗೆದು ಅವನ ಎದೆಗೆ ಗುರಿಯಿಟ್ಟ. ಬದುಕಿಸಲು ಬಂದವನು ಕೊಲ್ಲುತ್ತೇನೆಂದರೆ ಯಾರು ಹೆದರುತ್ತಾರೆ? ಅವನು ಅದನ್ನು ಮತ್ತೆ ಜೇಬಿಗೆ ತುರುಕಿ, ಉಳಿದವರಾದರೂ ಬುದ್ಧಿ ಹೇಳಿಯಾರೆಂದು ಗಾಡಿಯ ಕಡೆಗೆ ನೋಡಿದ. ಅಲ್ಲಿ ನಗು ನಿಂತುಹೋಗಿತ್ತು. ಕೆರ್ರಿ ಕರಾವಳಿಯ ಡೆವೇನ್ ಎಂಬವನು ಶಿಲುಬೆಯ ಗುರುತು ಹಾಕಿಕೊಂಡು, ಎಲ್ಲೋ ನೋಡುತ್ತ ಹೇಳಿದ.

"ಅವನು ಹೇಳೋದು ಸರಿ. ಅವನೇ ಮೊದ್ಲು ನೋಡಿದ್ದು. ಬಿಟ್ಟು ಹೋಗೋಣ."

ಮೊದಲು ನೋಡಿದವನು ಡೆವೇನೇ ಇದ್ದಿರಬಹುದು, ದೇವರಿಗೇ ಗೊತ್ತು. ಒಳನಾಡಿನ ಉಳಿದ ನಾಲ್ವರು ಶೂರರು ಹುಟ್ಟಿದಾಗಿನಿಂದ ಮೀನುದೋಣಿ ಹತ್ತಿದವರಲ್ಲ. ಆದರೂ ಅವರ್ಯಾರೂ ಜಾಗ ಬಿಟ್ಟು ಸರಿಯಲಿಲ್ಲ, ಬಾರೋ ಎಂದು ಒಬ್ಬನೂ ಕೈ ಚಾಚಲಿಲ್ಲ. ಸಾಮ್ರಾಜ್ಯವನ್ನು ಉರುಳಿಸಲು ಹೊರಟವರು ಎಲ್ಲರೂ ಸೇರಿ ತಮ್ಮ ತಮ್ಮ ಬೂಟು ನೋಡಿಕೊಂಡರು. ವಿಟ್ಲಾಕ್ ಗಡಿಯಾರ ನೋಡಿದ. ಗಾಡಿ ಹೊರಟಿತು.

ಕೋಲ್ಮನ್ ನೆಲದ ಮೇಲೆ ಬಿದ್ದಿದ್ದ ಬಿಳಿ ಬಟ್ಟೆ ಎತ್ತಿ, ಧೂಳು ಕೊಡವಿ ನನ್ನ ಕೈಗಿಟ್ಟ.

"ಕಟ್ಕೋ ಅಕ್ಕ. ಅವರು ಇನ್ನೂ ದೋಣಿ ಹತ್ತಿಲ್ಲ."

ಹಾಗೆಂದು ಕೆಮ್ಮುತ್ತ ಬಂದರಿನ ದಾರಿ ಹಿಡಿದ. ಬಿಟ್ಟುಬಂದ ಹಾರೆಯನ್ನು ಎತ್ತಿಕೊಂಡು ಕಟ್ಟೆ ಕೆಲಸ ಮುಂದುವರಿಸಿದನಂತೆ. ಸಂಜೆಯವರೆಗೆ ಯಾರೂ ಯಾರನ್ನೂ ಹುಡುಕಲಿಲ್ಲ, ದೊರೆಗಳು ಪಂದ್ಯ ನೋಡಿ ದಣಿದಿದ್ದರು. ಆಮೇಲೆ ಜೈಲಿನ ಗಂಟೆ ಊರೆಲ್ಲ ಕೇಳುವಂತೆ ಬಡಿದುಕೊಂಡಿತು. ಐವರು ಓಡಿಹೋಗಿದ್ದರು, ಅವರ ಗುಂಪಿನಲ್ಲಿ ಓಡಿಹೋಗದೆ ಇದ್ದವನು ಒಬ್ಬನೇ. ಸರ್ಕಾರ ಬಹಳ ಯೋಚಿಸಿ ಅವನ ಕಾಲಿಗೆ ಬೇಡಿ ಹಾಕಿತು. ಮೊದಲೇ ಗೊತ್ತಿದ್ದೂ ಏಕೆ ಹೇಳಲಿಲ್ಲವೆಂದು ಕತ್ತಲೆಕೋಣೆಗೆ ತಳ್ಳಿ ರೊಟ್ಟಿ ನೀರಿನ ಮೇಲೆ ಇಟ್ಟಿತು.

ಆ ರಾತ್ರಿ ಎಂಥ ಗಾಳಿ ಎದ್ದಿತೆಂದರೆ ಹೋಟೆಲಿನ ಮಾಡಿನ ಹಂಚು ಹಾರಿ ಬೀದಿಗೆ ಬಿತ್ತು. ಆ ಪುಟ್ಟ ದೋಣಿ ಹಡಗು ಮುಟ್ಟಲಾರದೆ ಇರುಳೆಲ್ಲ ಅಲೆಯಲ್ಲಿ ಹೊರಳಿತಂತೆ. ಐವರೂ ಪ್ರಾಣ ಕೈಯಲ್ಲಿ ಹಿಡಿದು ನೀರು ಮೊಗೆಮೊಗೆದು ಚೆಲ್ಲಿದರಂತೆ. ಮರುದಿನ ಹಡಗು ಸಿಕ್ಕಿತು. ಸರ್ಕಾರದ ಹೊಗೆಹಡಗು ತೋಪು ಹೊತ್ತು ಅಟ್ಟಿಸಿಕೊಂಡು ಹೋಯಿತು, ನಮ್ಮವರು ಅಮೆರಿಕದ ಬಾವುಟ ಏರಿಸಿ ಹೊಡೆಯಿರಿ ನೋಡೋಣ ಎಂದರು, ಹೊಡೆದರೆ ಅಮೆರಿಕದ ಮೇಲೆ ಯುದ್ಧವಾದೀತೆಂದು ಅದು ಗುರುಗುಟ್ಟಿ ವಾಪಸ್ಸು ಬಂತು. ಈ ಭಾಗವನ್ನು ಯಾವ ಹೆಂಡದಂಗಡಿಯಲ್ಲಿ ಬೇಕಾದರೂ ಕೇಳಬಹುದು, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಬೇಸಿಗೆ ಮೊದಲಾಗುವ ಹೊತ್ತಿಗೆ ಉಣ್ಣೆ ತುಂಬಲು ಬಂದ ಹಡಗಿನವರು ಸುದ್ದಿ ತಂದರು. ಬಾಸ್ಟನ್ನಿನಲ್ಲಿ ಬ್ಯಾಂಡು, ಹಾರ, ಔತಣ. ವಿಟ್ಲಾಕನ ಭಾಷಣ ಎರಡು ಗಂಟೆ ನಡೆಯಿತಂತೆ. ಆರನೆಯವನು ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ, ಅವನು ಸರ್ಕಾರದ ಕಡೆಗೆ ತಿರುಗಿಕೊಂಡ, ಆಗಲೇ ಅನುಮಾನ ಬಂದು ಬಿಟ್ಟುಬಂದೆವು ಎಂದು ನಮ್ಮ ಶೂರರು ಹೇಳಿದರಂತೆ. ಡೆವೇನ್ ಬಾಯಿ ಬಿಡಲಿಲ್ಲವಂತೆ. ಅಷ್ಟು ದೊಡ್ಡ ಸಭೆಯಲ್ಲಿ ಕೆಂಪು ಕೂದಲಿಗೆ ಹೆದರಿದೆವೆಂದು ಹೇಳಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕಿಂತ ಒಬ್ಬನನ್ನು ದ್ರೋಹಿ ಮಾಡುವುದು ಮರ್ಯಾದೆಯ ಕೆಲಸ. ಅದನ್ನು ಕೇಳಿ ಹತ್ತಿದ ಸಿಟ್ಟು ಇವತ್ತಿಗೂ ಆರಿಲ್ಲ.

ಅಷ್ಟು ಹೊತ್ತಿಗೆ ಕೋಲ್ಮನ್ ಜೈಲಿನ ಆಸ್ಪತ್ರೆಯಲ್ಲಿದ್ದ. ಉಳಿಯುವವನಲ್ಲ ಎಂದು ಗೊತ್ತಾದ ಮೇಲೆ ಸರ್ಕಾರಕ್ಕೆ ಕರುಣೆ ಹುಟ್ಟಿ, ಪಾದ್ರಿಯ ಜೊತೆ ನನ್ನನ್ನು ಒಳಗೆ ಬಿಟ್ಟಿತು. ನಾನು ತಿಂಗಳುಗಟ್ಟಲೆ ಮಾತು ಮಸೆದಿಟ್ಟುಕೊಂಡಿದ್ದೆ. ಮುಳುಗಲಿಲ್ಲವೋ ಮುಟ್ಠಾಳ, ನನ್ನ ಕೂದಲಿಗೆ ದೋಣಿ ಹೆದರಲಿಲ್ಲ, ನೀನೊಬ್ಬನೇ ಹೆದರಿದ್ದು ಎಂದು ಮುಖಕ್ಕೆ ಹೇಳಬೇಕೆಂದು ಹೋದೆ. ನನ್ನ ತಲೆಯ ಮೇಲಿನ ಅಪವಾದ ಅವತ್ತಾದರೂ ತೊಳೆದುಹೋಗಬೇಕಿತ್ತು.

ಹಾಸಿಗೆಯಲ್ಲಿ ಮೂಳೆಗಳ ಗಂಟಿನಂತೆ ಮಲಗಿದ್ದ. ಗಾಳಿ ಎದ್ದ ಆ ರಾತ್ರಿಯಿಂದ ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

"ದೋಣಿ ಮುಳುಗ್ತಾ?" ಎಂದ.

"ಇಲ್ಲ. ಐದು ಜನಾನೂ ಅಮೆರಿಕಾ ಮುಟ್ಟಿದ್ರು."

ಕಣ್ಣು ಮುಚ್ಚಿದ. ಕಳೆದುಕೊಂಡದ್ದೇನೆಂದು ಈಗ ಗೊತ್ತಾಯಿತು, ಈಗ ಅಳುತ್ತಾನೆ ಎಂದುಕೊಂಡೆ. ಕಣ್ಣು ತೆರೆದಾಗ ಮುಖವೆಲ್ಲ ಬೆಳಕಾಗಿತ್ತು. ಹತ್ತು ವರ್ಷದಲ್ಲಿ ಅವನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಆ ಗಾಳಿಲೂ ಉಳ್ಕೊಂಡ್ರಲ್ಲ," ಎಂದ. "ನಾನು ಇಳಿದದ್ದಕ್ಕೆ. ಅಲ್ವಾ ಅಕ್ಕ?"

ಮಸೆದಿಟ್ಟುಕೊಂಡ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಪಾದ್ರಿ ನನ್ನ ಮುಖ ನೋಡಿದರು. ಅವರೇನೋ ಇಂಥ ನಂಬಿಕೆಯೆಲ್ಲ ಪಾಪ ಎಂದು ಪ್ರತಿ ಭಾನುವಾರ ಹೇಳುವವರು. ಅವತ್ತು ಅವರೂ ತಲೆ ತಗ್ಗಿಸಿ ಜಪಮಾಲೆ ಎಣಿಸತೊಡಗಿದರು.

"ಹೌದು ಕಣೋ," ಎಂದೆ. "ನೀನು ಹತ್ತಿದ್ದಿದ್ರೆ ನನ್ನ ತಲೆ ಅವರನ್ನೆಲ್ಲ ಮುಳುಗಿಸಿಬಿಡ್ತಿತ್ತು."

ಅವನು ನನ್ನ ಕೈ ಹಿಡಿದುಕೊಂಡು, ಬೇಜಾರು ಮಾಡಿಕೊಳ್ಳಬೇಡ, ಅದರಲ್ಲಿ ನಿನ್ನ ತಪ್ಪೇನಿಲ್ಲ ಎಂದು ನನಗೇ ಸಮಾಧಾನ ಹೇಳಿದ. ನಾನು ಕಟ್ಟಿಕೊಂಡು ಹೋಗಿದ್ದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಅದ್ದಿ ಪೂರ್ತಿ ತಿಂದ. ಬೇಸಿಗೆ ಮುಗಿಯುವ ಮೊದಲೇ ಸತ್ತ, ಐದು ಜನರ ಪ್ರಾಣ ಉಳಿಸಿದವನಾಗಿ ಸತ್ತ.