ದೊಡ್ಡಮ್ಮ ಹೇಳಿದ ತಾರೀಖುಗಳು

ಅಲಬಾಮಾದ ಟಿಲ್ಡೆನ್ ಕೌಂಟಿಯಲ್ಲಿ ಬಿಳಿಯರನ್ನು ಬಿಟ್ಟರೆ ಮೋಜೆಲ್ ಗ್ಯಾಡಿಸ್‌ಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಇಬ್ಬರೇ, ಗಂಡ ಲಿಯೋಟಿಸ್ ಮತ್ತು ನಾದಿನಿ ಥಿಯೋಲಾ. ಉಳಿದವರಿಗೆಲ್ಲ ಆಕೆ ದೊಡ್ಡಮ್ಮ. ಸೂಲಗಿತ್ತಿಯ ಮಗಳು, ತಾನೂ ಸೂಲಗಿತ್ತಿ. ಹನ್ನೆರಡರ ಹುಡುಗಿಯಾಗಿದ್ದಾಗ ಬಿಸಿನೀರಿನ ಪಾತ್ರೆ ಹಿಡಿದು ತಾಯಿಯ ಹಿಂದೆ ಹೊರಟವಳು. ಮೂವತ್ತಮೂರನೇ ಇಸವಿಯಲ್ಲಿ ಆರೋಗ್ಯ ಇಲಾಖೆಯ ಪರವಾನಗಿ ಸಿಕ್ಕಿತು, ತನ್ನದೇ ಒಂದು ಕಪ್ಪು ಚೀಲವೂ ಆಯಿತು. ಅಲ್ಲಿಂದಾಚೆ ಹತ್ತಿ ಹೊಲದ ಗುಡಿಸಲುಗಳಿಂದ ಹಿಡಿದು ಮರದ ಮಿಲ್ಲಿನ ಸಾಲುಮನೆಗಳ ತನಕ, ಕಪ್ಪು ಜನರಲ್ಲಿ ಅರ್ಧಕ್ಕರ್ಧ ಮಂದಿ ಆಕೆಯ ಕೈಯಲ್ಲೇ ಮೊದಲ ಉಸಿರು ಎಳೆದವರು. ಕೂಸು ಹುಟ್ಟಿದ ಮರುದಿನ ಜನನ ಪತ್ರ ತುಂಬಿ, ಕೆಳಗೆ ದುಂಡನೆಯ ಅಕ್ಷರದಲ್ಲಿ ಸಹಿ ಹಾಕಿ ಕೋರ್ಟಿನ ಕಟ್ಟಡಕ್ಕೆ ಮುಟ್ಟಿಸುವುದು ಅವಳ ಪದ್ಧತಿ.

ಅದೇ ಕಟ್ಟಡಕ್ಕೆ 1964ರ ಅಕ್ಟೋಬರಿನಲ್ಲಿ ಅವಳು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಳು. ಲಿಯೋಟಿಸ್ ಬೇಡವೆಂದಿದ್ದ. ಅವನು ಮರದ ಮಿಲ್ಲಿನಲ್ಲಿ ನಲವತ್ತು ವರ್ಷ ದುಡಿದವನು, ಎಡಗೈಯ ಎರಡು ಬೆರಳನ್ನು ಗರಗಸಕ್ಕೆ ಕೊಟ್ಟವನು, ಮಾತು ಕಡಿಮೆ. ಬೇಡವೆಂದು ಒಂದು ಸಲ ಹೇಳಿ ಸುಮ್ಮನಾಗಿದ್ದ. ಅವಳು ಒಬ್ಬಳೇ ಹೋದಳು.

ನೋಂದಣಿ ಅಧಿಕಾರಿ ಅವಳನ್ನು ಎರಡು ಗಂಟೆ ನಿಲ್ಲಿಸಿಕೊಂಡ. ಆಮೇಲೆ ತಲೆ ಎತ್ತದೆ, “ಬರೆಯೋಕೆ ಬರುತ್ತೇನೇ ನಿಂಗೆ?” ಅಂದ. ಬರುತ್ತದೆ ಅಂದಳು. ನಾಲ್ಕು ಪುಟದ ಅರ್ಜಿ ಕೊಟ್ಟ, ತುಂಬಿದಳು. ರಾಜ್ಯದ ಸಂವಿಧಾನದಿಂದ ಒಂದು ತುಣುಕು ಓದಿಸಿ ಅರ್ಥ ಹೇಳು ಅಂದ. ಕಂಪನಿಗಳ ಮೇಲಿನ ತೆರಿಗೆಯ ವಿಚಾರ ಅದು. ತನಗೆ ತಿಳಿದಷ್ಟು ಹೇಳಿದಳು. ಎರಡು ವಾರದ ಮೇಲೆ ಕಾಗದ ಬಂತು. ಮೋಜೆಲ್ ಗ್ಯಾಡಿಸ್ ಓದು ಬರಹದ ಪರೀಕ್ಷೆಯಲ್ಲಿ ತೇರ್ಗಡೆಯಾಗಿಲ್ಲ. ಅವಳು ಅದನ್ನು ಗಟ್ಟಿಯಾಗಿ ಓದಿ ನಕ್ಕುಬಿಟ್ಟಳು. ಆ ಅಧಿಕಾರಿಯ ಕೋಣೆಯಿಂದ ಮೂರನೇ ಬಾಗಿಲಲ್ಲಿ ಅವಳ ಕೈಬರಹದ ಜನನ ಪತ್ರಗಳು ಕಪಾಟು ತುಂಬ ಕೂತಿದ್ದವು. ಲಿಯೋಟಿಸ್ ನಗಲಿಲ್ಲ.

ನಗು ಆ ತಿಂಗಳ ಕೊನೆಗೇ ಮುಗಿಯಿತು. ಸೂಲಗಿತ್ತಿಯರೆಲ್ಲ ತಿಂಗಳಿಗೊಮ್ಮೆ ಆರೋಗ್ಯ ಇಲಾಖೆಯಲ್ಲಿ ಸೇರಬೇಕು. ಮೇಲ್ವಿಚಾರಕಿ ಮಿಸೆಸ್ ಹ್ಯಾಸ್ಕ್ಯೂ ಒಬ್ಬೊಬ್ಬರ ಉಗುರು, ಬಿಳಿ ಮೇಲುಡುಪು, ಚೀಲದ ಒಳಬಟ್ಟೆ, ಕತ್ತರಿ, ಕೂಸಿನ ಕಣ್ಣಿಗೆ ಹಾಕುವ ಹನಿಯ ಶೀಶೆ ಎಲ್ಲ ನೋಡುತ್ತಿದ್ದಳು. ಬಿಳಿ ಹೆಂಗಸಾದರೂ ಕೆಲಸದಲ್ಲಿ ನಿಷ್ಪಕ್ಷಪಾತಿ. ಹದಿನೈದು ವರ್ಷದಲ್ಲಿ ಮೋಜೆಲ್‌ಳ ಚೀಲದಲ್ಲಿ ಒಂದು ಕುಂದು ಹುಡುಕಿದವಳಲ್ಲ. ಹೊಳೆ ಉಕ್ಕಿದ ವರ್ಷ ಇಬ್ಬರೂ ಒಂದೇ ಜೀಪಿನಲ್ಲಿ ಕೂತು ಅವಳಿ ಹೆರಿಗೆಯೊಂದಕ್ಕೆ ಹೋಗಿ ಬಂದದ್ದೂ ಇತ್ತು. ಆ ದಿನ ಎಲ್ಲರನ್ನೂ ಕಳಿಸಿ ಮೋಜೆಲ್‌ಳನ್ನು ಮಾತ್ರ ನಿಲ್ಲಿಸಿಕೊಂಡಳು. ಪರವಾನಗಿ ಕೊಡು ಅಂದಳು. ಕೊಟ್ಟದ್ದನ್ನು ಮೇಜಿನ ಖಾನೆಯೊಳಗೆ ಹಾಕಿದಳು.

“ವಯಸ್ಸಾಯ್ತು ಮೋಜೆಲ್. ಕಣ್ಣು ಮಂಜಾಗ್ತಿರಬೇಕು. ಇನ್ನು ವಿಶ್ರಾಂತಿ ತಗೋ.”

“ಸೂಜಿಗೆ ದಾರ ಈಗಲೂ ನಾನೇ ಪೋಣಿಸ್ತೀನಿ ಮೇಡಂ.”

ಹ್ಯಾಸ್ಕ್ಯೂ ಕಿಟಕಿಯ ಕಡೆ ನೋಡುತ್ತಿದ್ದಳು. “ಆ ಕೋರ್ಟಿಗೆ ಹೋಗೋದು ನಿಂಗ್ಯಾಕೆ ಬೇಕಿತ್ತು?” ಅಂದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ. ಅದೇ ಮೋಜೆಲ್‌ಗೆ ಹೆಚ್ಚು ನೋವು ಕೊಟ್ಟಿತು.

ರಸ್ತೆಯಾಚೆ ಮನೆಯ ಥಿಯೋಲಾ ಸುದ್ದಿ ಕೇಳಿ ಬಂದವಳು ಸುಮ್ಮನಿರಲಿಲ್ಲ. ಬಿಳಿಯರ ಪಟ್ಟಿಯಲ್ಲಿ ಹೆಸರು ಹುಡುಕಲು ಹೋಗಿ ಸೂಲಗಿತ್ತಿಯರ ಪಟ್ಟಿಯಿಂದಲೂ ಹೆಸರು ಹೊಡೆಸಿಕೊಂಡು ಬಂದೆಯಲ್ಲ ಎಂದು ಅರ್ಧ ಬೈದಳು, ಆಮೇಲೆ ಒಲೆಯ ಮುಂದೆ ನಿಂತು ಅತ್ತಿಗೆಗೆ ಮೆಕ್ಕೆಜೋಳದ ರೊಟ್ಟಿ ಸುಟ್ಟು ಕೊಟ್ಟಳು.

ಆ ಚಳಿಗಾಲ ಮೋಜೆಲ್‌ಗೆ ಉದ್ದವಾಯಿತು. ಬಸುರಿಯರು ಬರುವುದು ನಿಲ್ಲಲಿಲ್ಲ. ಪರವಾನಗಿ ಇಲ್ಲದೆ ಕೈಹಾಕಿದರೆ ಜೈಲು. ಏನಾದರೂ ಹೆಚ್ಚುಕಡಿಮೆಯಾದರೆ ತಾಯಿಯ ಗತಿಯೇನು? ಅವಳು ಎಲ್ಲರನ್ನೂ ಇಪ್ಪತ್ತೇಳು ಮೈಲಿ ಆಚೆಯ ಆಸ್ಪತ್ರೆಗೆ ಹೋಗಿ ಎಂದು ಕಳಿಸಿದಳು. ಹಾಗೆ ಕಳಿಸಿದವರಲ್ಲಿ ಅರ್ಲೀನ್ ಮೋಸ್ಲಿ ಎಂಬವಳು ದಾರಿಯಲ್ಲೇ, ಕಾರಿನ ಹಿಂದಿನ ಸೀಟಿನಲ್ಲಿ ಹೆತ್ತಳು. ತಾಯಿ ಮಗು ಇಬ್ಬರೂ ಉಳಿದರು. ಆದರೂ ಸುದ್ದಿ ಕೇಳಿದ ದಿನ ಮೋಜೆಲ್ ಊಟ ಮಾಡಲಿಲ್ಲ. ಹೊರಜಗಲಿಯ ಹಲಗೆಗಳನ್ನು ಸೋಪು ಹಾಕಿ ಉಜ್ಜಿದಳು, ಒಣಗುವ ಮೊದಲೇ ಇನ್ನೊಮ್ಮೆ ಉಜ್ಜಿದಳು. ಲಿಯೋಟಿಸ್ ಬಂದು ಬಕೆಟ್ಟಿನ ನೀರು ಚೆಲ್ಲಿ ಹೊಸ ನೀರು ತಂದಿಟ್ಟು ಒಳಗೆ ಹೋದ.

ಮುಂದಿನ ಆಗಸ್ಟಿನಲ್ಲಿ ವಾಷಿಂಗ್ಟನ್‌ನಲ್ಲಿ ಹೊಸ ಕಾನೂನು ಆಯಿತು. ಪಾದ್ರಿ ಅದನ್ನು ಚರ್ಚಿನಲ್ಲಿ ನಿಧಾನವಾಗಿ ಎರಡು ಸಲ ಓದಿದರು. ಓದು ಬರಹದ ಪರೀಕ್ಷೆ ಇನ್ನಿಲ್ಲ. ಕೌಂಟಿಯ ಅಧಿಕಾರಿ ಬರೆದುಕೊಳ್ಳದಿದ್ದರೆ ವಾಷಿಂಗ್ಟನ್‌ನವರೇ ಬಂದು ಬರೆದುಕೊಳ್ಳುತ್ತಾರೆ. ಹಾಗೆಯೇ ತಿಂಗಳ ಕೊನೆಗೆ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಮೇಜು ಕುರ್ಚಿ ಹಾಕಿದ್ದಾರೆಂದು ಸುದ್ದಿ ಬಂತು.

ಮೋಜೆಲ್ ಆ ಮಾತನ್ನು ಮನೆಯಲ್ಲಿ ಎತ್ತಲೇ ಇಲ್ಲ. ಸೋಮವಾರ ಬೆಳಿಗ್ಗೆ ಅವಳು ಬೀನ್ಸಿನ ಕಾಳು ಬಿಡಿಸುತ್ತ ಕೂತಿದ್ದಾಗ ಲಿಯೋಟಿಸ್ ಭಾನುವಾರದ ಬೂಟು ಹಾಕಿಕೊಂಡು ಹೊರಬಂದ.

“ಎಲ್ಲಿಗೆ?”

“ಅಂಚೆ ಕಚೇರಿಗೆ.”

“ಕಾಗದ ಬರೋದಿದೆಯಾ?”

“ಹೆಸರು ಬರೆಸೋದಿದೆ.”

ಅವಳು ಬೀನ್ಸಿನ ಬುಟ್ಟಿ ಕೆಳಗಿಟ್ಟಳು. “ಹೋದ ವರ್ಷ ಬೇಡ ಅಂದೋನು ನೀನೇ ಅಲ್ವಾ?”

“ಹೌದು. ಆಮೇಲೆ ಒಬ್ಬಳನ್ನೇ ಕಳಿಸಿದೆ. ಕಳಿಸಬಾರದಿತ್ತು.” ಬಗ್ಗಿ ಬೂಟಿನ ದಾರ ಬಿಗಿದ. “ಜೊತೆಗೆ ಬರ್ತೀಯಾ?”

ಜೊತೆಗೆ ಬೇಕಾದರೆ ಬರುತ್ತೇನೆ, ಆದರೆ ಇನ್ನು ಯಾವ ಸರ್ಕಾರಿ ಕಾಗದಕ್ಕೂ ನನ್ನ ಕೈ ಮುಟ್ಟುವುದಿಲ್ಲ ಎಂದಳು. ನೀರಿನ ಜಾಡಿ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಒಂದು ರಟ್ಟಿನ ಬೀಸಣಿಗೆ ಹಿಡಿದು ಹೊರಟಳು. ಥಿಯೋಲಾ ಟೋಪಿ ಇಟ್ಟುಕೊಂಡು ಆಗಲೇ ಗೇಟಿನ ಬಳಿ ನಿಂತಿದ್ದಳು.

ಸಾಲು ಅಂಚೆ ಕಚೇರಿಯ ಸುತ್ತ ಒಂದು ಸುತ್ತು ಬಂದು ಮೇವಿನ ಅಂಗಡಿಯ ತನಕ ಇತ್ತು. ರಸ್ತೆಯ ಆ ಬದಿಯಲ್ಲಿ ಐದಾರು ಬಿಳಿಯ ಗಂಡಸರು ಕೈಕಟ್ಟಿ ನಿಂತು ಯಾರ್ಯಾರು ಬಂದಿದ್ದಾರೆಂದು ನೋಡುತ್ತಿದ್ದರು. ಸಾಲಿನಲ್ಲಿದ್ದವರು ಅತ್ತ ನೋಡದೆ ತಮ್ಮ ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು. ಬಾಗಿಲ ಬಳಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು.

ಒಳಗೆ ಮೇಜಿನ ಹಿಂದೆ ವಾಷಿಂಗ್ಟನ್‌ನಿಂದ ಬಂದ ಕೆಂಚುಗೂದಲಿನ ಯುವಕ, ವಿಟ್‌ಸೆಟ್ ಎಂದು ಹೆಸರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೆಸರು, ವಿಳಾಸ, ಹುಟ್ಟಿದ ದಿನ, ಇಷ್ಟೇ ಅವನು ಕೇಳುತ್ತಿದ್ದದ್ದು. ಆದರೆ ಮೂರನೆಯದಕ್ಕೆ ಬಂದಾಗ ಸಾಲು ನಿಂತುಬಿಡುತ್ತಿತ್ತು. ಮೋಜೆಲ್‌ಳ ಮುಂದಿದ್ದ ಕ್ಲೋವಿಸ್ ಬೆಂಬ್ರಿ ಎಂಬ ಆರಡಿ ಆಳು, ಟ್ರಾಕ್ಟರ್ ಓಡಿಸುವವನು, ಟೋಪಿ ಹಿಂಡುತ್ತ ನಿಂತುಬಿಟ್ಟ.

“ಚಳಿಗಾಲ ಸಾರ್. ಚಳಿಗಾಲದಲ್ಲಿ ಹುಟ್ಟಿದ್ದು.”

“ಯಾವ ವರ್ಷ?”

ಹಿಂದಿನಿಂದ ಮೋಜೆಲ್ ಬೀಸಣಿಗೆ ನಿಲ್ಲಿಸದೆ ಹೇಳಿದಳು: “ಮೂವತ್ತನಾಲ್ಕು, ಫೆಬ್ರುವರಿ ಹನ್ನೊಂದು. ಕಾಲು ಮುಂದು ಮಾಡಿಕೊಂಡು ಬಂದೆ ನೀನು. ನಿಮ್ಮಮ್ಮನ ಪ್ರಾಣ ಹಿಂಡಿಬಿಟ್ಟೆ.”

“ಅದಕ್ಕೇ ಇವತ್ತಿಗೂ ಇವನಿಗೆ ಎಲ್ಲಿಗೆ ಹೋದ್ರೂ ಕಾಲು ಮುಂದೆ, ತಲೆ ಹಿಂದೆ” ಎಂದಳು ಥಿಯೋಲಾ. ಕೋಣೆಯಲ್ಲಿ ಬೆಳಗಿನಿಂದ ಮೊದಲ ಸಲ ನಗು ಎದ್ದಿತು.

ವಿಟ್‌ಸೆಟ್ ಪೆನ್ನು ಕೆಳಗಿಟ್ಟ. “ನಿಮಗೆ ಹೇಗೆ ಗೊತ್ತು?”

“ಹಿಡಿದೆತ್ತಿದವಳು ನಾನೇ.”

“ಇಲ್ಲಿರೋರಲ್ಲಿ ಬೇರೆ ಯಾರದಾದರೂ ಗೊತ್ತಾ?”

ಅವಳು ಹಿಂತಿರುಗಿ ಬಾಗಿಲಾಚೆಯ ಸಾಲನ್ನು ಒಂದು ಸಲ ನೋಡಿದಳು. ಅವಸರ ಮಾಡಲಿಲ್ಲ. ಸುಮಾರು ಜನರದ್ದು ಗೊತ್ತು ಎಂದಳು. ಯುವಕ ಎದ್ದು, ಗೋಡೆ ಬದಿಯ ಕುರ್ಚಿಯನ್ನು ತಾನೇ ಎತ್ತಿ ತಂದು ಮೇಜಿನ ಪಕ್ಕ ಹಾಕಿದ.

“ತಮ್ಮ ಹೆಸರು?”

ಹೇಳಿದಳು.

“ಮಿಸೆಸ್ ಗ್ಯಾಡಿಸ್, ನೀವು ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಂಡರೆ ನನಗೆ ದೊಡ್ಡ ಉಪಕಾರ.”

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಐವತ್ತೆಂಟು ದಾಟಿದ ಅವಳನ್ನು ಬಿಳಿಯ ಬಾಯಿ ಯಾವುದೂ ಈ ತನಕ ‘ನೀವು’ ಅಂದಿರಲಿಲ್ಲ, ಹೆಸರಿನ ಹಿಂದೆ ‘ಮಿಸೆಸ್’ ಹಚ್ಚಿರಲಿಲ್ಲ. ಆ ಹುಡುಗ ಅದನ್ನು ತುಂಬ ಸಹಜವಾಗಿ ಹೇಳಿ ಮುಂದಿನ ಅರ್ಜಿ ಎಳೆದುಕೊಂಡಿದ್ದ. ಮೋಜೆಲ್ ಲಂಗ ಸರಿಮಾಡಿಕೊಂಡು ಕೂತಳು.

ಸಂಜೆ ನಾಲ್ಕರ ತನಕ ಕೂತಳು. ತಾನು ಹಿಡಿದವರ ತಾರೀಖೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಅದಕ್ಕೂ ಮುಂಚಿನವರದ್ದು ತಾಯಿಯ ಜೊತೆ ನೀರು ಕಾಯಿಸಿದ ಮನೆಗಳ ನೆನಪಿನಿಂದ ಹೊರಬಂತು. ಒಬ್ಬಳು ತನ್ನ ವಯಸ್ಸನ್ನು ನಾಲ್ಕು ವರ್ಷ ಕಡಿಮೆ ಹೇಳಿದಳು. ಮೋಜೆಲ್ ಬಾಯಿ ಬಿಡಲಿಲ್ಲ, ಬೀಸಣಿಗೆಯ ಮೇಲಿಂದ ಒಮ್ಮೆ ನೋಡಿದಳು. ಆಕೆ ತಾನಾಗಿಯೇ ತಿದ್ದಿಕೊಂಡಳು. ಅರ್ಲೀನ್ ಮೋಸ್ಲಿ ಕಾರಿನಲ್ಲಿ ಹುಟ್ಟಿದ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಅರ್ಲೀನಳ ಹುಟ್ಟಿದ ದಿನ ಹೇಳಿದ ಮೇಲೆ ಮೋಜೆಲ್ ಕೂಸಿನ ಪಾದ ಹಿಡಿದು ಸುಮ್ಮನೆ ನೋಡಿದಳು. ಅರ್ಲೀನ್ ಸಹಿ ಮಾಡುವ ತನಕ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಲಿಯೋಟಿಸ್ ಅಷ್ಟು ಹೊತ್ತೂ ಗೋಡೆಗೆ ಒರಗಿ, ಬಂದವರನ್ನೆಲ್ಲ ಮುಂದೆ ಬಿಡುತ್ತ ನಿಂತಿದ್ದ. ಕೊನೆಗೆ ಮೇಜಿನ ಬಳಿ ಬಂದ. ಅವನಿಗೆ ಓದು ಬಾರದು. ಗುರುತು ಹಾಕಿದರೆ ಸಾಕು ಅಂದ ವಿಟ್‌ಸೆಟ್. ಲಿಯೋಟಿಸ್ ಪೆನ್ನು ಹಿಡಿದು ಎರಡು ಗೆರೆಯ ಕತ್ತರಿಗುರುತನ್ನು ಪೂರಾ ಹೆಸರು ಬರೆದಷ್ಟು ನಿಧಾನವಾಗಿ ಎಳೆದ.

“ಇನ್ನು ನಿಮ್ಮದು, ಮಿಸೆಸ್ ಗ್ಯಾಡಿಸ್” ಎಂದ ಯುವಕ.

ತಾನು ಸುಮ್ಮನೆ ಜೊತೆಗೆ ಬಂದವಳು ಎಂದು ಅವಳು ಏಳಹೋದಳು.

“ಊರವರದ್ದೆಲ್ಲ ಬರೆಸಿ ನಿನ್ನದನ್ನ ಗಂಟು ಕಟ್ಕೊಂಡು ಹೋಗ್ತೀಯಾ?” ಎಂದಳು ತನ್ನದನ್ನು ಆಗಲೇ ಬರೆಸಿ ಮುಗಿಸಿದ್ದ ಥಿಯೋಲಾ. “ಬೇಗ ಬರೆಸು ಮಾರಾಯ್ತಿ, ನನ್ನ ಕಾಲು ಸೋತಿದೆ.”

ಮೋಜೆಲ್ ಗಂಡನ ಕಡೆ ನೋಡಿದಳು. ಅವನು ಹೊರಡುವ ಲಕ್ಷಣ ತೋರಿಸಲಿಲ್ಲ. ಅವಳು ಮತ್ತೆ ಕೂತು ಹೆಸರು ಹೇಳಿದಳು, ವಿಳಾಸ ಹೇಳಿದಳು. ಹುಟ್ಟಿದ ದಿನ ಮಾತ್ರ ಅವಳಿಗೇ ಗೊತ್ತಿರಲಿಲ್ಲ. ಸಾವಿರದ ಒಂಬೈನೂರ ಆರು, ಹತ್ತಿ ಬಿಡಿಸುವ ಕಾಲ, ಅಷ್ಟೇ. ತಾಯಿ ಅದಕ್ಕಿಂತ ಹೆಚ್ಚು ಯಾವತ್ತೂ ಹೇಳಿರಲಿಲ್ಲ. ಪರವಾನಗಿಯ ಕಾಗದದಲ್ಲಿ ಜನವರಿ ಒಂದು ಎಂದು ಬರೆಸಿದ್ದಳು. ಮಧ್ಯಾಹ್ನದಿಂದ ಅಷ್ಟು ಜನರದ್ದನ್ನು ಸರಿಯಾಗಿ ಹೇಳಿ, ತನ್ನದನ್ನು ಮಾತ್ರ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಸೆಪ್ಟೆಂಬರ್ ಇಪ್ಪತ್ತೇಳು” ಎಂದ ಲಿಯೋಟಿಸ್.

ಅವಳು ತಿರುಗಿ ನೋಡಿದಳು. ಅವನು ಯುವಕನಿಗೆ ಬರೆದುಕೊಳ್ಳಿ ಎಂಬಂತೆ ತಲೆಯಾಡಿಸಿದ.

ನೋಂದಣಿಯ ಚೀಟಿ ಹಿಡಿದು ಮನೆ ಕಡೆ ಹೊರಟರು. ಥಿಯೋಲಾ ಯಾರದೋ ಟ್ರಕ್ಕು ಹತ್ತಿದಳು. ಇವರಿಬ್ಬರೇ ನಡೆದರು. ಕೆಂಪು ಮಣ್ಣಿನ ದಾರಿಯಲ್ಲಿ ಅರ್ಧ ಮೈಲಿ ಹೋದ ಮೇಲೆ ಅವಳು, ನಿನಗೆ ಹೇಗೆ ಗೊತ್ತು ಎಂದು ಕೇಳಿದಳು.

“ಮೊಬೀಲ್ ಬಂದರಿನ ಕಡೆಯಿಂದ ಆ ದೊಡ್ಡ ಬಿರುಗಾಳಿ ಬಂತಲ್ಲ, ಅವತ್ತು. ನಂಗೆ ಎಂಟು ವರ್ಷ. ಚರ್ಚಿನ ಮಾಡು ಹಾರಿಹೋಯ್ತು. ಎಲ್ಲರಿಗೂ ಹೆರಿಗೆ ಮಾಡಿಸೋ ನಿಮ್ಮಮ್ಮನಿಗೇ ನೋವು ಶುರುವಾಗಿತ್ತು, ನಮ್ಮಮ್ಮ ಓಡಿದಳು. ನನ್ನನ್ನ ಬಿಟ್ಟು ಬರೋಕೆ ಹೆದರಿ ಜೊತೆಗೇ ಎಳೆದುಕೊಂಡು ಹೋದಳು.”

“ನಲವತ್ತು ವರ್ಷ ಒಂದೇ ಮನೇಲಿದ್ದೀವಿ. ಒಂದು ಸಲ ಹೇಳಬಾರದಿತ್ತಾ?”

ಅವನು ಪೀಕಾನ್ ಮರದ ನೆರಳಲ್ಲಿ ನಿಂತ. “ನಿನಗಿಂತ ಮೊದಲು ಇನ್ನೊಂದು ಬಂತು ಮೋಜೆಲ್. ಗಂಡು. ಉಸಿರಾಡಲಿಲ್ಲ. ನಿಮ್ಮಪ್ಪ ಹಲಗೆ ಜೋಡಿಸಿ ಪೆಟ್ಟಿಗೆ ಮಾಡಿದ, ಮೊಳೆ ಹಿಡ್ಕೊಂಡಿದ್ದು ನಾನು. ಆ ದಿನದ ಮಾತು ಈ ಮಗುವಿನ ಕಿವಿಗೆ ಬೀಳಬಾರದು ಅಂತ ನಿಮ್ಮಮ್ಮ ನಮ್ಮಮ್ಮನ ಹತ್ರ, ನನ್ನ ಹತ್ರ ಆಣೆ ಹಾಕಿಸ್ಕೊಂಡಳು. ತಾನು ನೂರು ಜನರದ್ದು ಉಳಿಸಿ ತನ್ನದೇ ಉಳಿಸಲಿಲ್ಲ ಅಂತ ಅವಳಿಗೆ ಕೊರಗು.”

ತಾಯಿ ಯಾವ ಮನೆಯಲ್ಲೇ ಆಗಲಿ, ಕೂಸು ಅಳುವ ತನಕ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದದ್ದು ಮೋಜೆಲ್‌ಳ ಕಣ್ಣ ಮುಂದೆ ಬಂತು. ಅದು ಪ್ರಾರ್ಥನೆ ಎಂದುಕೊಂಡಿದ್ದಳು. “ಎಲ್ಲಿ ಇಟ್ಟರು?” ಎಂದು ಕೇಳಿದಳು.

ತೋರಿಸುತ್ತೇನೆ ಎಂದ. ದಾರಿ ಬಿಟ್ಟು ಹಳೆಯ ಚರ್ಚಿನ ಹಿಂದಿನ ಸೀಡರ್ ಮರಗಳ ಕಡೆಗೆ ಇಬ್ಬರೂ ನಡೆದರು. ಕಲ್ಲಿರಲಿಲ್ಲ, ಗುರುತಿರಲಿಲ್ಲ. ಅವನು ಒಂದು ಬೇಲಿಯ ಮೂಲೆಯಿಂದ ಹೆಜ್ಜೆ ಎಣಿಸಿ, ಇಲ್ಲಿ ಎಂದ. ಅವಳು ಜಾಡಿಯಲ್ಲಿ ಉಳಿದಿದ್ದ ನೀರನ್ನು ಅಲ್ಲಿ ನಿಧಾನವಾಗಿ ಸುರಿದಳು.

ಪರವಾನಗಿ ಮತ್ತೆ ಬರಲಿಲ್ಲ. ಹ್ಯಾಸ್ಕ್ಯೂ ಮರುವರ್ಷ ಬೇರೆ ಊರಿಗೆ ವರ್ಗವಾಗಿ ಹೋದಳು, ಹೋಗುವಾಗ ಬಂದು ಹೇಳಿಹೋಗಲಿಲ್ಲ. ಹೆರಿಗೆಗಳು ಒಂದೊಂದಾಗಿ ಆಸ್ಪತ್ರೆಗೆ ಹೋದವು. ಬಸುರಿಯರು ಮಾತ್ರ ಈಗಲೂ ಜಗಲಿಗೆ ಬಂದು ಕೂರುತ್ತಿದ್ದರು, ಮೋಜೆಲ್ ಅವರ ಕಾಲಿನ ಊತ ನೋಡಿ ಏನು ತಿನ್ನಬೇಕು, ಯಾವಾಗ ಹೊರಡಬೇಕು ಎಂದು ಹೇಳುತ್ತಿದ್ದಳು. ಹಾಗೆ ಹೇಳುವುದಕ್ಕೆ ಯಾವ ಕಾಗದವೂ ಬೇಕಿರಲಿಲ್ಲ.

1966ರ ಮೇ ತಿಂಗಳಲ್ಲಿ ಅವರು ಮೊದಲ ಸಲ ಮತ ಹಾಕಿದರು. ಮೂರೂವರೆ ಗಂಟೆ ನಿಲ್ಲಬೇಕಾಯಿತು. ಅವರ ಚರ್ಚಿನ ಬಡಗಿಯೊಬ್ಬ ಕೌಂಟಿಯ ಶಾಲಾ ಮಂಡಳಿಗೆ ನಿಂತಿದ್ದ, ನಾನೂರು ಮತಗಳಿಂದ ಸೋತ. ಫಲಿತಾಂಶವನ್ನು ರೇಡಿಯೋದಲ್ಲಿ ಕೇಳಿದ ಥಿಯೋಲಾ ಬಿಸಿಲಲ್ಲಿ ನಿಂತದ್ದೆಲ್ಲ ದಂಡವಾಯಿತೆಂದು ಗೊಣಗಿದಳು. ಮೋಜೆಲ್ ಬೀನ್ಸಿಗೆ ಉಪ್ಪು ನೋಡುತ್ತಿದ್ದಳು. ಈ ವರ್ಷ ಎಷ್ಟು ಹುಡುಗರಿಗೆ ಮತದ ವಯಸ್ಸು ಇಪ್ಪತ್ತೊಂದು ತುಂಬುತ್ತದೆ ಎಂದು ತನಗೆ ಗೊತ್ತಿದೆ, ಅವರನ್ನು ನಾಳೆಯಿಂದಲೇ ಹೆಸರು ಬರೆಸಲು ಕರೆದುಕೊಂಡು ಹೋಗೋಣ ಎಂದಳು.